ಡ್ರೈವರ್ ಕಡೆಯ ಸ್ಪ್ರಿಂಗು

ಅಪ್ಪಾ,

ನಿನ್ನ ಹಳೆಯ ಪುಟ್ಟ ಕಾರನ್ನು ಇವತ್ತು ಗ್ಯಾರೇಜಿಗೆ ಒಯ್ದಿದ್ದೆ. ನೀನು ಓಡಿಸುವಾಗ ನೆಟ್ಟಗಿರುತ್ತಿದ್ದ ಗಾಡಿ, ನೀನು ತೀರಿಕೊಂಡ ಮೇಲೆ ಒಂದು ಕಡೆಗೆ ವಾಲಿಕೊಂಡೇ ಇತ್ತು. ಮೆಕ್ಯಾನಿಕ್ ಅಡಿಗೆ ನುಸುಳಿ ನೋಡಿ ನಗುತ್ತಾ ಎದ್ದ.

"ಸ್ಪ್ರಿಂಗ್ ಕೆಟ್ಟಿಲ್ಲಮ್ಮ. ಡ್ರೈವರ್ ಕಡೆ ದಪ್ಪ ಪ್ಯಾಕಿಂಗ್ ಕೊಟ್ಟು ಎತ್ತರ ಮಾಡ್ಸಿದ್ದಾರೆ. ದಢೂತಿ ಆಳು ಕೂತ್ರೆ ಮಾತ್ರ ಸಮ ನಿಲ್ಲುತ್ತೆ."

ನನಗೆ ಮೈಯೆಲ್ಲ ಉರಿಯಿತು. ತೂಕ ಇಳಿಸದಿದ್ದರೆ ಹೃದಯ ತಡೆಯುವುದಿಲ್ಲ ಎಂದು ಡಾಕ್ಟರು ಹೇಳಿದಾಗ "ಸರಿ ಮಾಡ್ಕೋತೀನಿ ಬಿಡಿ" ಎಂದು ಬಂದೆಯಲ್ಲ, ಸರಿ ಮಾಡಿಸಿದ್ದು ಇದನ್ನಾ? ಅಮ್ಮ ವಾಕಿಂಗಿಗೆ ಕರೆದರೆ ಕಾರಿನ ಕೆಲಸವಿದೆ ಎನ್ನುತ್ತಿದ್ದೆ. ಆ ಕಬ್ಬಿಣದ ಮೇಲಿದ್ದ ಕನಿಕರದಲ್ಲಿ ಕಾಲುಭಾಗ ನಮ್ಮ ಮೇಲಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು?

"ಅದನ್ನ ಕಿತ್ತು ಬಿಸಾಕಿ" ಎಂದೆ.

ಸಂಜೆ ಕಾರನ್ನು ಮನೆಯೆದುರು ನಿಲ್ಲಿಸಿ ಹಿತ್ತಲಲ್ಲಿ ಕೈ ತೊಳೆಯುತ್ತಿದ್ದೆ. ಕಿಟಕಿಯಿಂದ ನೋಡಿದ ಅಮ್ಮ ಚಪ್ಪಲಿಯನ್ನೂ ಮೆಟ್ಟದೆ ಹೊರಗೆ ಓಡಿದಳು. ನಾನು ಹೋಗುವಷ್ಟರಲ್ಲಿ ಕಾರಿನ ಬಾಗಿಲು ತೆರೆದು ಖಾಲಿ ಸೀಟನ್ನು ನೋಡುತ್ತಾ ನಿಂತಿದ್ದಳು.

"ಗಾಡಿ ನೆಟ್ಟಗೆ ನಿಂತಿತ್ತಲ್ಲ," ಎಂದಳು. "ನಿಮ್ಮಪ್ಪ ಒಳಗೆ ಕೂತಿದ್ದಾರೆ ಅಂದ್ಕೊಂಡೆ."

ಅವಳಿಗೆ ನಾನೇನು ಹೇಳಲಿ? ನೀನೇ ಬಂದು ಹೇಳು.