ಖಾಲಿ ಬಿಟ್ಟ ಹೆಸರು

ಗೋಕಾಕ, ಜನವರಿ ೧೯೪೬

ಮಾನ್ಯ ಚುನಾವಣಾಧಿಕಾರಿಗಳಿಗೆ ನಮಸ್ಕಾರ.

ಶಾಸನಸಭೆಗೆ ಎರಡು ಸಲ ನಿಂತು ಸೋತಿದ್ದೇನೆ. ಮೂರನೆಯ ಅರ್ಜಿ ಇದರೊಂದಿಗಿದೆ.

ಹೋದ ಸಲ ಹನ್ನೊಂದು ಮತಗಳಿಂದ ಸೋತೆ. ಆ ದಿನ ಕೌಜಲಗಿಯ ಮತಗಟ್ಟೆಯಲ್ಲಿ ಮೂವತ್ತು ಹೆಂಗಸರು ಮತ ಹಾಕದೆ ಮರಳಿದ್ದರು. ಪಟ್ಟಿ ನೋಡಲು ಕಾರಕೂನರು ಗಂಡನ ಹೆಸರು ಕೇಳಿದ್ದರು, ಒಬ್ಬಳೂ ಆ ಹೆಸರು ಹೇಳಲಿಲ್ಲ. “ಊರಿಗೆಲ್ಲ ಗೊತ್ತೈತಿ, ನಿಮಗ ಯಾಕ ಗೊತ್ತಿಲ್ರಿ?” ಎಂದು ಅವರಲ್ಲೊಬ್ಬಳಾದ ಕಾಶೆವ್ವ ಜಗಳ ತೆಗೆದಿದ್ದಳು. ಈ ಸಲ ಕಾರಕೂನರೇ ಹೆಸರು ಓದಲಿ, ಹೆಂಗಸರು ತಲೆಯಾಡಿಸಿದರೆ ಸಾಕೆಂದು ದಯವಿಟ್ಟು ಅಪ್ಪಣೆ ಕೊಡಿರಿ.

ಅಂದು ಅವರ ಮೇಲೆ ನನಗೆ ಸಿಟ್ಟು ಬಂದಿತ್ತು. ಇಂಗ್ಲಿಷ್ ಶಾಲೆಯಲ್ಲಿ ಕಲಿತ ನಾನೂ ಈ ಅರ್ಜಿಯಲ್ಲಿ ಗಂಡನ ಹೆಸರಿನ ಜಾಗ ಖಾಲಿ ಬಿಟ್ಟಿದ್ದೇನೆ. ಹಿಂದಿನ ಎರಡು ಅರ್ಜಿಗಳಲ್ಲಿ ನಮ್ಮ ಮನೆಯವರೇ ಅದನ್ನು ತುಂಬಿದ್ದರು. ಅವರು ಹೋಗಿ ಎಂಟು ತಿಂಗಳಾಯಿತು. ನಿಮ್ಮ ಕಾರಕೂನರಿಗೆ ಹೆಸರು ಗೊತ್ತಿದೆ, ಅವರೇ ಬರೆಯಲಿ.

ಇತಿ, ಉಮೇದುವಾರಳು
ನೀಲಾಂಬಿಕಾ