ಭಾವಿಯ ಬಾಯಿ ಎಲ್ಲಿತ್ತು, ಸುವರ್ಣಕ್ಕ?

ಉಮ್ ಝಾತರ್ ಗುಡ್ಡ,
ಮರಳಿಕೆಯ ಇಪ್ಪತ್ತೊಂದನೆಯ ವರ್ಷ, ಒಣತಿಂಗಳ ಅರವತ್ತೇಳನೆಯ ದಿನ

ಪ್ರೀತಿಯ ಸುವರ್ಣಕ್ಕನಿಗೆ,

ತಿಂಗಳಿಗೆ ಅರವತ್ತೇಳು ದಿನವೇ ಎಂದು ನೀವು ನಗಬಹುದು. ಇಲ್ಲಿ ಮೊದಲ ಮಳೆ ಬೀಳುವವರೆಗೆ ಒಣತಿಂಗಳು ಮುಗಿಯುವುದಿಲ್ಲ. ನನ್ನ ಕನ್ನಡ ವಿಚಿತ್ರವಾಗಿ ಕಂಡರೆ ಮನ್ನಿಸಿ. ನಿಮ್ಮ ಕಾಲದ ಎಷ್ಟೋ ಮಾತುಗಳು ನಮ್ಮ ಬಾಯಲ್ಲಿ ಸವೆದುಹೋಗಿವೆ. ಅಕ್ಕ ಎಂದು ಕರೆದದ್ದನ್ನೂ ಮನ್ನಿಸಿ. ವರ್ಷಗಳನ್ನು ಕೂಡಿಸಿದರೆ ನೀವು ನನ್ನ ಮುತ್ತಜ್ಜಿಗೂ ಅಜ್ಜಿಯಾಗಬೇಕು. ಆದರೆ ನಾನು ಬಲ್ಲದ್ದು ನಿಮ್ಮ ಧ್ವನಿಯನ್ನು ಮಾತ್ರ, ಆ ಧ್ವನಿಗೆ ಇನ್ನೂ ಮೂವತ್ತರ ಪ್ರಾಯ.

ನನ್ನ ಹೆಸರು ತುಂಬೆ. ನಿಮ್ಮ ಗದಗಿನ ಪಕ್ಕದ ಬೆಟಗೇರಿಯ ಸಾಕ್ಷಿಮನೆಯವಳು. ಅಧಿಕಾರ ಇದ್ದವರು ಇಲ್ಲದವರಿಗೆ ಏನು ಮಾಡಿದರು ಎಂಬುದನ್ನು ಕಾಪಾಡಿ, ದಿನವೂ ಕುಳಿತು ಕೇಳುವ ಮನೆಗೆ ನಾವು ಹಾಗೆನ್ನುತ್ತೇವೆ. ಕೇಳದೆ ಇಟ್ಟ ಸಾಕ್ಷಿ ಹೂತ ಸಾಕ್ಷಿ ಎಂದು ಬಾಗಿಲ ಮೇಲೆ ಕೆತ್ತಿದ್ದೇವೆ. ನಾನು ಬರೆಯುತ್ತಿರುವುದು ಹಿಂದೋಲೆ. ಸತ್ತವರಿಗೆ, ಅವರು ಬದುಕಿದ್ದ ಒಂದು ದಿನದ ವಿಳಾಸಕ್ಕೆ ಬರೆಯುವ ಪತ್ರ. ಅದು ತಲುಪುತ್ತದೆಯೇ ಎಂದು ಯಾರೂ ಕೇಳುವುದಿಲ್ಲ. ಗಟ್ಟಿಯಾಗಿ ಓದಿ ಮುಗಿಸುತ್ತೇವೆ, ಅಷ್ಟೆ.

ನಿಮಗೇ ಗೊತ್ತಿರುವುದನ್ನು ಬೇರೆಯವರಿಗಾಗಿ ಹೇಳುತ್ತೇನೆ. ನೀವು ಸುವರ್ಣಾ ಹೂಗಾರ, ಗದಗಿನವರು. ಕುವೈತಿನ ಆಸ್ಪತ್ರೆಯಲ್ಲಿ ದಾದಿಯಾಗಿದ್ದಾಗ ಅರಬ್ಬಿ ಕಲಿತಿರಿ. ಆಮೇಲೆ ಪ್ಯಾಲೆಸ್ತೀನಿಗೆ ಹೋಗಿ, ಸೈನ್ಯದ ಆಳ್ವಿಕೆಯಲ್ಲಿದ್ದ ಈ ಗುಡ್ಡಗಳ ಕುರಿಗಾಹಿಗಳ ಸಾಕ್ಷ್ಯ ದಾಖಲಿಸುವ ಕೆಲಸಕ್ಕೆ ನಿಂತಿರಿ. ಅವರ ಅರಬ್ಬಿ ಮಾತನ್ನು ಫೋನಿನಲ್ಲಿ ಹಿಡಿಯುತ್ತಿದ್ದಿರಿ. ಸಂಜೆ ಅದನ್ನೇ ನಿಮ್ಮ ಕನ್ನಡದಲ್ಲಿ ಹೇಳಿ, ಗದಗಿನಲ್ಲಿದ್ದ ತಂಗಿ ನೀಲಾಳಿಗೆ ಧ್ವನಿಸಂದೇಶ ಕಳಿಸುತ್ತಿದ್ದಿರಿ. ಕೊನೆಗೆ ಚೆಕ್‌ಪೋಸ್ಟಿನಲ್ಲಿ ಸೈನಿಕರು ನಿಮ್ಮ ಫೋನನ್ನೇ ಕಿತ್ತುಕೊಂಡರು. ಅರಬ್ಬಿ ಸಾಕ್ಷ್ಯವೆಲ್ಲ ಅದರೊಂದಿಗೆ ಹೋಯಿತು. ಉಳಿದದ್ದು ನೀಲಾಳ ಫೋನಿನಲ್ಲಿದ್ದ ಕನ್ನಡ.

ಆ ಸಂದೇಶಗಳನ್ನು ಕೇಳುತ್ತಲೇ ನಾನು ಬೆಳೆದೆ. ನಿಮ್ಮ ಮಾತಿನ ಹಿಂದೆ ಚಹಾ ಲೋಟಗಳ ಸದ್ದು, ಹೊತ್ತು ಗೊತ್ತಿಲ್ಲದೆ ಕೂಗುವ ಒಂದು ಹುಂಜ, ಕುರಿಗಳನ್ನು ಒಳಗೆ ಹಾಕುವ ಹೆಂಗಸರ ಸಿಳ್ಳೆ. ನೀಲಾಳ ಉತ್ತರಗಳ ಹಿಂದೆ ಕುಕ್ಕರಿನ ಕೂಗು. ನಾನು ಈ ಗುಡ್ಡಕ್ಕೆ ಬಂದ ದಿನ ಕಿವಿ ಮೊದಲು ಹುಡುಕಿದ್ದು ಆ ಹುಂಜವನ್ನು. ನೋಡದ ಊರಿಗೂ ಮನಸ್ಸು ಹೀಗೆ ಹಂಬಲಿಸಬಹುದೆಂದು ಯಾರೂ ನನಗೆ ಹೇಳಿರಲಿಲ್ಲ.

ಈಗ ಚೆಕ್‌ಪೋಸ್ಟಿನ ತಗಡಿನ ಚಪ್ಪರದಡಿ ಕುರಿಗಳ ಉಣ್ಣೆ ಕತ್ತರಿಸುತ್ತಾರೆ. ಜನರನ್ನು ಒಬ್ಬೊಬ್ಬರಾಗಿ ಒಳಬಿಡುತ್ತಿದ್ದ ತಿರುಗುಕಂಬಿಗೆ ಹುಡುಗಿಯರು ಜೋತುಬಿದ್ದು ಆಡುತ್ತಾರೆ. ಕಾವಲು ಗೋಪುರ ಪಾರಿವಾಳಗಳದು. ಊರುಗಳ ನಡುವೆ ಸೈನ್ಯ ಎಬ್ಬಿಸಿದ್ದ ಗೋಡೆಯ ಕಾಂಕ್ರೀಟ್ ಹಲಗೆಗಳನ್ನು ಇಳಿಜಾರಿನಲ್ಲಿ ಮಲಗಿಸಿ, ಮಣ್ಣು ಕೊಚ್ಚಿಹೋಗದಂತೆ ಬದು ಕಟ್ಟಿ, ಮೇಲೆ ಝಾತರ್ ಬೆಳೆದಿದ್ದಾರೆ. ರೊಟ್ಟಿಗೆ ಎಣ್ಣೆ ಸವರಿ ಉದುರಿಸಿಕೊಳ್ಳುವ ಘಮಘಮ ಸೊಪ್ಪು ಅದು. ಗುಡ್ಡಕ್ಕೆ ಹೆಸರು ಬಂದದ್ದೂ ಅದರಿಂದಲೇ. ಹೊರಹಾಕಲ್ಪಟ್ಟವರ ಮೊಮ್ಮಕ್ಕಳು ಮರಿಮಕ್ಕಳು ಹಿಂದಿರುಗಿದ ಈ ಕಾಲವನ್ನು ಮರಳಿಕೆ ಎನ್ನುತ್ತೇವೆ.

ಹಾಗೆ ಹಿಂದಿರುಗಿದವರಲ್ಲಿ ರುಕಯ್ಯಾ ಒಬ್ಬಳು. ನೀವು ಸಾಕ್ಷ್ಯ ಪಡೆದ ಉಮ್ ನಝ್ಮಿಯ, ಅಂದರೆ ನಝ್ಮಿಯ ತಾಯಿಯ, ವಂಶದವಳು. ತನ್ನ ಹಿರಿಯಜ್ಜಿಯ ಮಾತು ಭೂಮಿಯ ಮೇಲೆ ಕನ್ನಡದಲ್ಲಿ ಮಾತ್ರ ಉಳಿದಿದೆ ಎಂದು ಗೊತ್ತಾದಾಗ ಅವಳು ಕನ್ನಡವನ್ನೇ ಕಲಿತಳು. ನಿಮ್ಮ ಸಂದೇಶಗಳೇ ಅವಳ ಪಠ್ಯ. ಆದ್ದರಿಂದ ಅವಳು ಆಡುವುದು ಅಪ್ಪಟ ಗದಗಿನ ಭಾಷೆ. ನಾನು ಬಸ್ಸಿನಿಂದ ಇಳಿದಾಗ ಎದುರು ಬಂದು, "ಬಾರವಾ, ಉಂಡಿಯೇನ? ಮಾರಿ ಯಾಕ ಹಿಂಗ ಬಾಡೇತಿ?" ಎಂದಳು. ನಾನು ಅಲ್ಲೇ ನಿಂತು ಅತ್ತೆ. "ಅಳಾಕ ಗದಗಿನಿಂದ ಇಲ್ಲೀತನಾ ಬಂದಿಯೇನ?" ಎಂದು ಗದರಿದಳು.

ನಿಮ್ಮಿಂದ ನಮಗೆ ಬಂದ ಇನ್ನೊಂದು ಬಳುವಳಿ 'ಲಾಯಿತು'. ಒಂದು ಸಂಜೆ ನೀವು ಪತ್ರಿಕೆಯ ವರದಿ ಓದಿ ನೀಲಾಳ ಮುಂದೆ ಸಿಡಿದಿದ್ದಿರಿ: "ನಾಲ್ಕು ರಚನೆಗಳನ್ನ ಕೆಡವಲಾಯಿತು ಅಂತ! ಯಾರ ಕೆಡವಿದ್ರು? ಗಾಳಿ ಬಂದು ಕೆಡವಿತೇನ? ಮಿಲ್ಟ್ರಿಯವ್ರು ಕೆಡವಿದ್ರು ಅಂತ ಬರಿಯಾಕ ಇವ್ರ ಪೆನ್ನಿನ್ಯಾಗ ಮಸಿ ಇಲ್ಲೇನ? ರಚನೆ ಅಂದ್ರ ಏನಲೇ? ಮನಿ ಅದು, ಮನಿ!" ಅಂದಿನಿಂದ ಮಾಡಿದವನನ್ನು ಮರೆಸುವ ಮಾತಿಗೆ ನಾವು 'ಲಾಯಿತು' ಎನ್ನುತ್ತೇವೆ. ನಮ್ಮ ಬೀದಿಯ ಮಕ್ಕಳು "ಅವ್ವಾ, ಹಾಲು ಚೆಲ್ಲಲಾಯಿತು" ಎಂದು ಓಡಿಬಿಡುತ್ತವೆ. ಈ ಪತ್ರದಲ್ಲೇ ನಾನು 'ಹೊರಹಾಕಲ್ಪಟ್ಟವರು' ಎಂದು ಬರೆದದ್ದನ್ನು ರುಕಯ್ಯಾ ಹಿಡಿದಿದ್ದಾಳೆ. ಸರಿ, ತಿದ್ದುತ್ತೇನೆ: ಸೈನ್ಯ ಹೊರಹಾಕಿದವರು. ಅದರ ಬೆನ್ನಿಗಿದ್ದ ಸರ್ಕಾರ ಹೊರಹಾಕಿದವರು.

ಉಮ್ ನಝ್ಮಿಯ ಮನೆ ಬಿದ್ದ ದಿನವನ್ನು ನೀವು ಒಂದು ಎಳೆಯೂ ಬಿಡದೆ ಹೇಳಿದ್ದೀರಿ. ಪರವಾನಗಿ ಇಲ್ಲದ ಮನೆ ಎಂದು ಅಧಿಕಾರಿ ಕಾಗದ ತೋರಿಸಿದ್ದು. ಆ ಪರವಾನಗಿಯನ್ನು ಅದೇ ಕಚೇರಿ ಅವರಿಗೆ ಎಂದೂ ಕೊಡದೆ ಇದ್ದದ್ದು. ಮಗ ನಝ್ಮಿಯ ಕೈಗಳನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿದು ಬಿಸಿಲಲ್ಲಿ ಕೂರಿಸಿದ್ದು. ಹಿಟ್ಟಿನ ಚೀಲವನ್ನು ಒಬ್ಬ ಸೈನಿಕ ಬೂಟಿನಿಂದ ಒದ್ದು ಸೀಳಿದ್ದು, ಇನ್ನೊಬ್ಬ ಅದನ್ನು ನೋಡಲಾರದೆ ಮುಖ ತಿರುಗಿಸಿದ್ದು. ಬುಲ್ಡೋಜರ್ ಮನೆ ಮುಗಿಸಿದ ಮೇಲೆ ಭಾವಿಯ ಕಡೆ ತಿರುಗಿದ್ದು. ಬಂಡೆಯಲ್ಲಿ ಕೊರೆದು ವರ್ಷದ ಮಳೆಯನ್ನು ಹಿಡಿದಿಡುವ, ಕೊಡ ಇಳಿಯುವಷ್ಟೇ ಬಾಯಿಯ ಭಾವಿ. ಅದಕ್ಕೆ ಕಲ್ಲು ತುಂಬಿ ಸಿಮೆಂಟ್ ಸುರಿದರು. ನಿಮ್ಮ ಕಾಲದ ದೊಡ್ಡವರು ಇದನ್ನು ಜಟಿಲ ಸಮಸ್ಯೆ ಎನ್ನುತ್ತಿದ್ದರಂತೆ. ಮುದುಕಿಯೊಬ್ಬಳ ನೀರಿಗೆ ಸಿಮೆಂಟ್ ಸುರಿಯುವುದರಲ್ಲಿ ಜಟಿಲವಾದದ್ದು ಏನಿದೆ ಎಂದು ನನಗೆ ಇಂದಿಗೂ ತಿಳಿದಿಲ್ಲ.

ಆಮೇಲೆ, ಅಕ್ಕಾ, ನಿಮ್ಮ ಧ್ವನಿ ದಣಿಯುತ್ತದೆ. ನೀವು ಹೀಗೆನ್ನುತ್ತೀರಿ: "ಮುಂದ ಮುದುಕಿ ಭಾಂವಿ ಸುದ್ದಿ ತಗದ್ಲು. ಭಾಂವಿ ಬಾಯಿ ಎಲ್ಲಿತ್ತು, ಮದಿವ್ಯಾಗಿ ಬಂದ ದಿನ ಅಕಿ ಅತ್ತಿ ಹೆಂಗ ತೋರ್ಸಿದ್ಲು, ಯಾವ ಕಲ್ಲ ಮ್ಯಾಲೆ ಕಾಲಿಟ್ಟು ಕೊಡ ಎಳಿತಿದ್ರು... ನಾ ಅಂದ್ನಿ, ಯವ್ವಾ, ಮಿಲ್ಟ್ರಿಯವ್ರ ಸುದ್ದಿ ಹೇಳು ಅಂತ. ಕೇಳೂದಿಲ್ಲ ಅಕಿ. ಅದೆಲ್ಲಾ ಉದ್ದ ಐತಿ, ಬಿಡು."

ನೀಲಾ ಉತ್ತರಿಸುತ್ತಾಳೆ: "ಅಕ್ಕಾ, ಬಿಡಬ್ಯಾಡ, ಹೇಳ. ನನಗ ಭಾಂವಿದ ಕೇಳಬೇಕಾಗೇತಿ."

"ನಾಳಿ ಹೇಳ್ತೇನಿ ಬಿಡಲೇ. ನಿದ್ದಿ ಬರಾಕತ್ತೇತಿ."

ಅದು ಕೊನೆಯ ಸಂದೇಶ. ಮರುದಿನವೇ ಸೈನಿಕರು ಫೋನು ಕಿತ್ತುಕೊಂಡರು, ಅಧಿಕಾರಿಗಳು ನಿಮ್ಮನ್ನು ವಿಮಾನ ಹತ್ತಿಸಿ ಕಳಿಸಿದರು. ಗದಗಿನ ಅಡುಗೆಮನೆಯಲ್ಲಿ ಕುಳಿತು ನೀವು ನೀಲಾಳಿಗೆ ಎಲ್ಲವನ್ನೂ ಹೇಳಿರಬಹುದು. ಅವಳು ಒಲೆಯ ಉರಿ ಸಣ್ಣಗೆ ಮಾಡಿ ಕೇಳಿರಬಹುದು. ಎದುರಿಗೆ ಕುಳಿತವರಿಗೆ ಯಾರು ಧ್ವನಿಸಂದೇಶ ಕಳಿಸುತ್ತಾರೆ? ನಾನು ಎಷ್ಟೋ ಸಲ ಆ ಅಡುಗೆಮನೆಯನ್ನು ಕಣ್ಣ ಮುಂದೆ ತಂದುಕೊಂಡು, ಬಾಗಿಲಲ್ಲಿ ನಿಂತು ಕಿವಿಗೊಟ್ಟಿದ್ದೇನೆ.

ಇಷ್ಟು ಕಾಡುವುದೇಕೆಂದರೆ, ಮರಳಿಕೆಯ ಸಭೆಯ ನಿಯಮ ಕಟ್ಟುನಿಟ್ಟು: ಸ್ವಂತ ಭಾವಿ ಇರುವ ಮನೆತನಕ್ಕಷ್ಟೇ ಗುಡ್ಡದ ಮೇಲೆ ಮನೆ ಕಟ್ಟಲು ಅವಕಾಶ, ಉಳಿದವರಿಗೆ ಕೆಳಗಿನ ಕಣಿವೆ. ಗುಡ್ಡಕ್ಕೆ ಬೇರೆ ನೀರಿಲ್ಲ, ಆದ್ದರಿಂದ ನಾನು ಆ ನಿಯಮವನ್ನು ಬೈಯಲಾರೆ. ಹೂತುಹೋದ ಭಾವಿಯನ್ನು ಹುಡುಕಿ ತೋರಿಸಲು ರುಕಯ್ಯಾಳಿಗೆ ಮೊದಲ ಮಳೆಯವರೆಗೆ ಸಮಯವಿದೆ. ನಾವಿಬ್ಬರೂ ಬೆಳಗಾದರೆ ಹಾರೆ ಹಿಡಿದು ಅಗೆಯುತ್ತೇವೆ. ಸೈನ್ಯ ಮಣ್ಣನ್ನೇ ಮಗುಚಿ ಹಾಕಿದೆ, ಬಾದಾಮಿ ಮರಗಳನ್ನು ಬುಡಸಮೇತ ಕಿತ್ತಿದೆ, ಗುರುತಿಗೆ ಒಂದು ಕಲ್ಲೂ ತನ್ನ ಜಾಗದಲ್ಲಿಲ್ಲ. ಇಂದು ಪಡುವಣದಲ್ಲಿ ಮೋಡ ಕಟ್ಟಿದೆ. ರುಕಯ್ಯಾ ಹಾರೆ ಕೆಳಗಿಟ್ಟು ಬೆವರು ಒರೆಸಿಕೊಂಡು, "ನಿಮ್ಮಕ್ಕ ಬೂಟಿನ ಬಣ್ಣಾ ಕೇಳ್ಯಾಳ, ಜೀಪಿನ ನಂಬರಾ ಕೇಳ್ಯಾಳ. ನೀರ ಎಲ್ಲೈತಿ ಅಂತ ಅಜ್ಜಿ ತಾನಾಗೇ ಹೇಳಿದ್ರ ಬಿಡು ಅಂದಾಳ ನೋಡ" ಎಂದು ನಕ್ಕಳು. ಸಿಟ್ಟಿನ ನಗುವಲ್ಲ ಅದು. ಮನೆಯ ಹಿರಿಮಗಳನ್ನು ಆಡಿಕೊಳ್ಳುವ ನಗು.

ನನಗೂ ಸಿಟ್ಟಿಲ್ಲ, ಅಕ್ಕಾ. ಮಾಡಿದವರ ಹೆಸರು ನೀವು ಉಳಿಸದಿದ್ದರೆ ಈ ಗುಡ್ಡ ಇವರದೆಂದು ಯಾರೂ ಒಪ್ಪುತ್ತಿರಲಿಲ್ಲ. ಆದರೆ ಕೆಡವಿದವರ ಚಿತ್ರ ನಮ್ಮಲ್ಲಿ ಪೂರ್ತಿಯಾಗಿದೆ. ಅವರು ಕೆಡವಿದ್ದರ ಚಿತ್ರ ಅರ್ಧಕ್ಕೆ ನಿಂತಿದೆ. ಒಬ್ಬ ಮುದುಕಿ ತನ್ನ ಕೊಡ, ತನ್ನ ಕಾಲಡಿಯ ಕಲ್ಲು, ತನ್ನ ಅತ್ತೆಯ ಸುದ್ದಿ ತೆಗೆದರೆ ಅದೂ ಸಾಕ್ಷ್ಯವೇ. ಅವಳಿಂದ ಏನನ್ನು ಕಸಿದರು ಎಂಬುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷ್ಯವಿಲ್ಲ.

ಈ ಹಿಂದೋಲೆಯನ್ನು ಆ ಸಂಜೆಯ ವಿಳಾಸಕ್ಕೆ ಕಳಿಸುತ್ತಿದ್ದೇನೆ. ಹುಂಜ ಕೂಗುತ್ತಿದೆ, ಚಹಾ ಆರುತ್ತಿದೆ, ಆ ಕಡೆ ನೀಲಾ ಕಾಯುತ್ತಿದ್ದಾಳೆ. ನಾಳೆ ಅವರು ನಿಮ್ಮ ಕೈಯಿಂದ ಫೋನು ಕಸಿಯುತ್ತಾರೆ. ನಿಮಗಿರುವುದು ಇವತ್ತು ಮಾತ್ರ. ನಿದ್ದೆ ಬಂದರೂ ಎದ್ದು ಕುಳಿತುಕೊಳ್ಳಿ.

ನಾನು ಓದಿ ಮುಗಿಸಿದ ಮೇಲೆ ರುಕಯ್ಯಾಳೂ ಒಂದು ಮಾತು ಸೇರಿಸಬೇಕಂತೆ. ಮಗುಚಿದ ಮಣ್ಣಿನ ಮೇಲೆ ನಿಂತು, ನಿಮ್ಮದೇ ಭಾಷೆಯಲ್ಲಿ ಹೇಳುತ್ತಿದ್ದಾಳೆ: "ಎಷ್ಟ ಉದ್ದ ಇದ್ರೂ ಇರ್ಲಿ, ಯಕ್ಕಾ. ಹೇಳು. ಬಿಡಬ್ಯಾಡ."