ಬದುಕಿದ್ದವರಿಗೆ ಹಾಕಿದ ಹಾರ

ಬಳ್ಳಾರಿ, ಕೌಲ್ ಬಜಾರ್
18 ನವೆಂಬರ್ 2025, ಮಂಗಳವಾರ

ಪ್ರೀತಿಯ ಅಪ್ಪಾ,

ಆರಾಮ ಅದೀಯಾ? ಸೊಂಟ ಹೆಂಗೈತಿ? ತೆಲಂಗಾಣದ ಆ ಮಿರ್ಯಾಲಗುಡದಲ್ಲಿ ಇನ್ನೂ ಎಷ್ಟು ದಿನ ಭತ್ತ ಕೊಯ್ಯುವುದಿದೆ? ದಿನವೆಲ್ಲ ಆ ಕೊಯ್ಲು ಮಷೀನಿನ ಸೀಟಿನ ಮೇಲೆ ಕುಲುಕಿ ಕುಲುಕಿ ನಿನ್ನ ಬೆನ್ನು ಏನಾಗಿದೆಯೋ. ಅವ್ವ ಕಟ್ಟಿಕೊಟ್ಟ ನೋವಿನೆಣ್ಣೆ ಮುಗಿದಿದ್ದರೆ ಅಲ್ಲೇ ಒಂದು ಬಾಟಲಿ ತಗೋ, ಜಿಪುಣತನ ಮಾಡಬೇಡ. ವಾಯ್ಸ್ ಕಳಿಸಿದರೆ ಮಷೀನಿನ ಸದ್ದಿನಲ್ಲಿ ನಿನಗೆ ಕೇಳಿಸುವುದಿಲ್ಲ, ಅದಕ್ಕೇ ನಾನು ಮಾತಾಡುತ್ತೇನೆ, ಫೋನು ಬರೆದುಕೊಳ್ಳುತ್ತದೆ. ಆದರೆ ಈ ಫೋನಿಗೆ ನಮ್ಮ ಸಿರುಗುಪ್ಪದ ಮಾತು ತಿಳಿಯುವುದಿಲ್ಲಪ್ಪ. ನಾನೊಂದು ಅಂದರೆ ಅದೊಂದು ಬರೆಯುತ್ತದೆ. ಹಂಗಾಗಿ ಸಾಲಿಯಲ್ಲಿ ಪಾಠ ಒಪ್ಪಿಸುವವನ ಹಂಗೆ ಮಾತಾಡುತ್ತಿದ್ದೇನೆ, ನಗಬೇಡ. ಯಾರಾದರೂ ಅಂದ ಮಾತಿದ್ದರೆ ಅದನ್ನು ಮಾತ್ರ ಬೆರಳಿನಿಂದ ತಿದ್ದುತ್ತೇನೆ.

ಭಾನುವಾರ ನೀನು ಫೋನ್ ಮಾಡಿ ಬೈದೆಯಲ್ಲ, "ಬದುಕಿದ್ದ ಮನಿಷಾಗ ಹಾರ ಹಾಕ್ಯಾರಲೇ! ರೊಕ್ಕ ತಿಂದೋನ ಕೆಲಸ ಇದು, ಅವ್ನ ಕೈ ಮುರೀಬೇಕು" ಅಂತ. ನಾನು ಹೂಂ ಹೂಂ ಎಂದು ಫೋನ್ ಇಟ್ಟೆ. ಏನಾಯಿತು ಎಂದು ಸರಿಯಾಗಿ ಹೇಳುತ್ತೇನೆ ಕೇಳು. ನಮ್ಮ ಆಫೀಸಿನ 'ನಮ್ಮ ಗಣ್ಯರು' ವೆಬ್‌ಸೈಟಿನಲ್ಲಿ ಹೆಸರುವಾಸಿ ಜನರಿಗೆಲ್ಲ ಒಂದೊಂದು ಪುಟ. ಕೆಲಸಕ್ಕೆ ಇರುವವರು ನಾನು ಮತ್ತು ಮೋಕ ಊರಿನ ಮಾರೇಶ, ಇಬ್ಬರೇ. ಒಂದೇ ಕಂಪ್ಯೂಟರು, ಒಂದೇ ಪಾಸ್‌ವರ್ಡು, ಒಂದೇ ಕುರ್ಚಿ. ಅವನು ಬೆಳಿಗ್ಗೆ, ನಾನು ಸಂಜೆ. ಯಾವ ಫೋಟೋ ಯಾರು ಹಾಕಿದರು ಎಂದು ಮಾಲೀಕರಾದ ವೀರೇಶ್ ಸರ್‌ಗೂ ತಿಳಿಯುವುದಿಲ್ಲ. ಅದರಲ್ಲಿ ನೀನು ವೋಟು ಹಾಕುವ ಮೀಸೆ ಸಾಹೇಬರ ಪುಟವೂ ಇದೆ, ಎದುರು ಪಾರ್ಟಿಯ, ನೀನು ಕಂಡರಾಗದ ಕನ್ನಡಕದ ಸಾಹೇಬರ ಪುಟವೂ ಇದೆ. ಮೀಸೆ ಸಾಹೇಬರ ಹುಟ್ಟುಹಬ್ಬದ ಫೋಟೋ ಒಂದು ಬಂದಿತ್ತು, ಸುತ್ತ ಐವತ್ತು ಜನ, ನಡುವೆ ಅವರು. ಅದನ್ನು ಎದೆಯ ತನಕ ಕತ್ತರಿಸಿದರೆ ಉಳಿದದ್ದು ಏನು? ನೆಟ್ಟ ನೋಟದ ಮುಖ, ಎರಡೂ ಹೆಗಲಿಗೆ ಚೆಂಡುಹೂವಿನ ಹಾರ. ನಮ್ಮ ಸೈಟಿನಲ್ಲಿ ಎಲ್ಲ ಫೋಟೋಗಳಿಗೂ ಕಪ್ಪು ಚೌಕಟ್ಟು. ಮುಗಿಯಿತಲ್ಲ! ನಮ್ಮ ಕಡೆ ಅಂಥ ಫೋಟೋ ಯಾವಾಗ ಹಾಕುತ್ತಾರೆ ಎಂದು ನಿನಗೆ ಹೇಳಬೇಕೆ?

ಶುಕ್ರವಾರ ಬೆಳಿಗ್ಗೆ ಶುರುವಾಯಿತು ನೋಡು. ಫೋಟೋದ ಕೆಳಗೆ ಓಂ ಶಾಂತಿ, ಓಂ ಶಾಂತಿ ಎಂದು ಸಾಲುಗಟ್ಟಿದರು. ಕುರುಗೋಡಿನಲ್ಲಿ ಗಾದೆಮ್ಮ ಎನ್ನುವ ಮುದುಕಿ ಒಲೆ ಆರಿಸಿ ತಲೆಗೆ ನೀರು ಹಾಕಿಕೊಂಡಳಂತೆ. ಮಧ್ಯಾಹ್ನಕ್ಕೆ ಸಾಹೇಬರೇ ಚಹಾ ಕುಡಿಯುತ್ತ ಒಂದು ವೀಡಿಯೋ ಬಿಡಬೇಕಾಯಿತು, ನಾನು ಇದ್ದೇನೆ ಎಂದು. ಆಮೇಲೆ ಫೋನುಗಳು. "ಯಾವ ಪಾರ್ಟಿ ರೊಕ್ಕದಾಗ ನಡೀತೈತ್ರಿ ನಿಮ್ಮ ಅಂಗಡಿ?" ಎಂದು ಒಬ್ಬರು. ಅದನ್ನು ಇಟ್ಟರೆ ಕನ್ನಡಕದವರ ಕಡೆಯ ಜಂಬಣ್ಣ ಎನ್ನುವವರು. ಅವರ ಸಾಹೇಬರನ್ನು ತಲೆಯಿಂದ ಕಾಲಿನ ತನಕ ಚಂದ ತೋರಿಸಿದ್ದೆವು, ಹೊಗಳುತ್ತಾರೆ ಎಂದುಕೊಂಡರೆ, "ಮಂದಿದು ಮುಖ ತೋರಸ್ತೀರಿ, ನಮ್ಮೋರ್ದು ಚಪ್ಲಿ ತೋರಸ್ತೀರೇನ್ರಿ?" ಅಂದರು! ಅಪ್ಪಾ, ನಾನು ಬೆರಗಾಗಿಹೋದೆ. ನಾವು ಉಗುರಿನಷ್ಟು ಜಾಗದಲ್ಲಿ ಹಾಕುವ ಚಿತ್ರವನ್ನು ಜನ ಜಾತಕ ನೋಡಿದ ಹಂಗೆ ನೋಡುತ್ತಾರೆ. ಯಾರ ಹೆಸರು ಮೊದಲು, ಯಾರ ಹಲ್ಲು ಕಾಣುತ್ತದೆ, ಯಾರ ಹಿಂದೆ ಯಾರ ನೆರಳಿದೆ, ಎಲ್ಲ. ಗದ್ದೆಯಲ್ಲಿ ದುಡಿದು ಬಂದು, ಕೈ ತೊಳೆದು, ಚಿತ್ರ ದೊಡ್ಡದು ಮಾಡಿ ಮಾಡಿ ಚಪ್ಪಲಿಯ ಉಂಗುಟ ನೋಡಿದ್ದಾರಪ್ಪ.

ಶನಿವಾರ ವೀರೇಶ್ ಸರ್ ಬಂದವರೇ ಮಾರೇಶನನ್ನು ಎದುರಿಗೆ ನಿಲ್ಲಿಸಿಕೊಂಡರು. ಅವನ ಕಾಕಾ ಕನ್ನಡಕದವರ ಬಾವುಟ ಹಿಡಿದು ತಿರುಗುತ್ತಾನೆ, ಅದು ಊರಿಗೇ ಗೊತ್ತು. "ನಿಮ್ಮ ಕಾಕಾ ಹೇಳಿ ಮಾಡ್ಸ್ಯಾನೇನಲೇ?" ಎಂದರು. ಮಾರೇಶ "ಇಲ್ರಿ ಸರ್" ಎಂದು ಎರಡು ಸಲ ಅಂದ, ಆದರೂ ಅವರು ಕೆಲಸದಿಂದ ತೆಗೆದೇಬಿಟ್ಟರು. ಅವನು ಊಟದ ಡಬ್ಬಿ ಎತ್ತಿಕೊಂಡು ಮೋಕದ ಬಸ್ಸಿಗೆ ಹೋದ. ಮುಂದಿನ ತಿಂಗಳು ಅವನಿಗೆ ಹೆಣ್ಣು ನೋಡಲು ಹೋಗುವುದಿತ್ತು, ಕೆಲಸ ಇದೆ ಎಂದೇ ಹೆಣ್ಣಿನ ಕಡೆಯವರು ಒಪ್ಪಿದ್ದು.

ಆ ಫೋಟೋ ಕತ್ತರಿಸಿದ ಕೈ ನನ್ನದು, ಅಪ್ಪ. ದೇವರಾಣೆ ಬೇಕಂತ ಮಾಡಿದ್ದಲ್ಲ, ಯಾರ ರೊಕ್ಕವನ್ನೂ ಮುಟ್ಟಿಲ್ಲ. ನಾನು ಯಾವ ಪಾರ್ಟಿಯವನೂ ಅಲ್ಲ ಎಂದೇ ತಿಳಿದಿದ್ದೆ. ಆದರೆ ನಿನ್ನೆ ಒಬ್ಬನೇ ಕೂತು ನಾನು ಹಾಕಿದ ಪುಟಗಳನ್ನೆಲ್ಲ ಒಂದರ ಪಕ್ಕ ಒಂದು ತೆರೆದು ನೋಡಿದೆ. ನಿನ್ನ ಮೀಸೆ ಸಾಹೇಬರ ಕಡೆಯವರು ಒಬ್ಬರು ಕಣ್ಣು ಮುಚ್ಚಿದ್ದಾರೆ, ಒಬ್ಬರು ಬಾಯಿಗೆ ತುತ್ತು ಇಡುತ್ತಿದ್ದಾರೆ, ಒಬ್ಬರು ಮೂಗು ಒರೆಸುತ್ತಿದ್ದಾರೆ. ಕನ್ನಡಕದವರ ಕಡೆಯವರೆಲ್ಲ ಮದುವೆಮನೆಯಲ್ಲಿ ನಿಂತ ಹಂಗೆ ನಗುತ್ತಿದ್ದಾರೆ. ಆರಿಸಿದವನು ನಾನೇ, ಒಂದೊಂದನ್ನೂ. ನನ್ನೊಳಗೆ ಇನ್ನೊಬ್ಬ ಕೂತು ಇಷ್ಟು ದಿನ ಕೆಲಸ ಮಾಡಿದ್ದಾನೆ, ನನಗೇ ಸುಳಿವಿಲ್ಲ.

ಯಾಕೆ ಎಂದು ಹುಡುಕುತ್ತ ಹೋದರೆ ಸಿಕ್ಕಿದ್ದು ಒಂದು ಸೇಬು. ನಾನು ಎರಡನೇ ಕ್ಲಾಸಿನಲ್ಲಿದ್ದಾಗ ಕನ್ನಡಕದವರು ಸಿರುಗುಪ್ಪಕ್ಕೆ ಬಂದಿದ್ದರು. ನೀನು ಅವರನ್ನು ಬೈಯಲಿಕ್ಕೇ ಹೋಗಿದ್ದೆ, ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು. ಅವರ ಕೊರಳಲ್ಲಿ ಸೇಬಿನ ಹಾರ. ಬಗ್ಗಿ ಒಂದನ್ನು ಕಿತ್ತು ನನ್ನ ಕೈಯಲ್ಲಿಟ್ಟು "ತಿನ್ನಪ್ಪ ಮರಿ" ಎಂದರು. "ಒಗೀಲೇ ಅದನ್ನ" ಎಂದೆ ನೀನು. ನಾನು ಒಗೆಯಲಿಲ್ಲ, ಬೀಜದ ಸಮೇತ ತಿಂದೆ. ನಿನಗೆ ಕಾಲುವೆಗೆ ನೀರು ಬಿಡಿಸಿದ ಮೀಸೆ ಸಾಹೇಬರು ದೊಡ್ಡವರಾದರು, ನನಗೆ ಹಣ್ಣು ಕೊಟ್ಟವರು. ಇಷ್ಟು ವರ್ಷದ ಹಿಂದೆ ತಿಂದ ಹಣ್ಣು ಈಗಲೂ ನನ್ನ ಬೆರಳು ಹಿಡಿದು ಫೋಟೋ ಆರಿಸುತ್ತದೆ ಎಂದರೆ, ಮನುಷ್ಯ ಎಷ್ಟು ಆಳ ಇದ್ದಾನಪ್ಪ! ಬೈದು ಫೋನ್ ಮಾಡಿದವರಲ್ಲಿ ಅರ್ಧ ಮಂದಿ ಹೇಳಿದ್ದು ಸುಳ್ಳಲ್ಲ ಎಂದು ಈಗ ಅನ್ನಿಸುತ್ತದೆ. ರೊಕ್ಕದ ಮಾತು ಮಾತ್ರ ಸುಳ್ಳು.

ಊರಲ್ಲಿ, ಕೆಂಚನಗುಡ್ಡದಲ್ಲಿ, ಎಲ್ಲ ಸುಖ. ಅವ್ವಗೆ ಕಾಲುಬಾವು ಕಡಿಮೆಯಾಗಿದೆಯಂತೆ, ತಂಗಿ ನಂದಿನಿ ಪರೀಕ್ಷೆಗೆ ಓದುತ್ತಿದ್ದಾಳೆ. ಜೊತೆಯ ಡ್ರೈವರಣ್ಣನಿಗೆ ನಮಸ್ಕಾರ ಹೇಳು. ಬೈಯುವುದಿದ್ದರೆ ಊಟ ಮಾಡಿ ಬೈ, ಹಸಿದು ಬೈದರೆ ನಿನಗೆ ತಲೆ ತಿರುಗುತ್ತದೆ.

ನಿನ್ನ ಕಾಲಿಗೆ ಬೀಳುವ ಮಗ
ಹುಲುಗೇಶ

ಇನ್ನೊಂದು ಮಾತು: ಈ ಪತ್ರವನ್ನು ಒಂದಕ್ಷರ ತಿದ್ದದೆ ನಿನಗಿಂತ ಮೊದಲೇ ವೀರೇಶ್ ಸರ್‌ಗೆ ಕಳಿಸಿದೆ. ವಾಟ್ಸಾಪಿನಲ್ಲಿ ನೀಲಿ ಗೆರೆ ಬಿದ್ದಿದೆ, ಓದಿದ್ದಾರೆ. ಮಾರೇಶನಿಗೆ ನಾಳೆ ಮೊದಲ ಬಸ್ಸಿಗೆ ಬಾ ಎಂದು ಹೇಳಿದ್ದೇನೆ. ಇರುವುದು ಒಂದೇ ಕುರ್ಚಿ, ಅವನು ಕೂತುಕೊಳ್ಳಲಿ. ಮಿರ್ಯಾಲಗುಡಕ್ಕೆ ಇಲ್ಲಿಂದ ಯಾವ ಬಸ್ಸು ಹತ್ತಬೇಕು, ತಿಳಿಸು.